ಪಾಯಿಂಟ್ ಹೊಡೆಯದವನಿಗೆ ಸಂಬಳ ಯಾಕೆ ಅನ್ನುವವರಿಗೆ

ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಅಂತ ನಮ್ಮ ಹಿರಿಯರು ಹೇಳಿದ್ದು ಸೋಮಾರಿಗಳಿಗೆ. ಅಮೆರಿಕದ ಬಾಸ್ಕೆಟ್‌ಬಾಲ್ ಅಭಿಮಾನಿಗಳಲ್ಲಿ ಒಂದು ಗುಂಪು ಹೆಚ್ಚುಕಡಿಮೆ ಇದೇ ಆರೋಪವನ್ನು ಯುಡೋನಿಸ್ ಹ್ಯಾಸ್ಲೆಮ್ ಎಂಬ ಆಟಗಾರನ ತಲೆಗೆ ವರ್ಷಗಟ್ಟಲೆ ಕಟ್ಟಿತು. ಅವರು ನಿವೃತ್ತರಾಗಿ ಮನೆ ಸೇರಿದ ಮೇಲೂ ಆ ಜಗಳ ನಿಂತಿಲ್ಲ. ವಯಸ್ಸಾದ, ಸ್ಟಾರ್ ಅಲ್ಲದ ಆಟಗಾರನ ಬೆಲೆ ಎಷ್ಟು ಎಂಬ ಮಾತು ಬಂದಾಗಲೆಲ್ಲ ಅವರ ಹೆಸರು ಬರುತ್ತದೆ.

ಆರೋಪ ಮಾಡುವವರ ಲೆಕ್ಕ ಸರಳ. 2016ರಿಂದ 2023ರವರೆಗಿನ 7 ಸೀಸನ್‌ಗಳಲ್ಲಿ ಮಯಾಮಿ ಹೀಟ್ ತಂಡ ಲೀಗ್ ಹಂತದಲ್ಲಿ ಆಡಿದ್ದು 555 ಪಂದ್ಯ. ಹ್ಯಾಸ್ಲೆಮ್ ಅಂಗಳಕ್ಕೆ ಇಳಿದದ್ದು 65ರಲ್ಲಿ ಮಾತ್ರ. 2020-21ರಲ್ಲಂತೂ ವರ್ಷಕ್ಕೆಲ್ಲ ಒಂದೇ ಪಂದ್ಯ. ಅದರಲ್ಲೂ 3 ನಿಮಿಷ ತುಂಬುವ ಮೊದಲೇ ಎದುರಾಳಿ ಡ್ವೈಟ್ ಹೋವರ್ಡ್ ಜೊತೆ ಕಿತ್ತಾಡಿ ಹೊರಗೆ ಕಳಿಸಿಕೊಂಡರು. ಇಷ್ಟಾದರೂ ತಂಡ ಪ್ರತಿ ವರ್ಷ ಅವರಿಗೆ ಹೊಸ ಕರಾರು ಬರೆದುಕೊಟ್ಟಿತು. ಇದೇನು ಆಟದ ತಂಡವೋ ಪಿಂಚಣಿ ಆಫೀಸೋ ಅಂತ ಕೇಳುವವರು ಕೇಳಿದರು.

ನನ್ನ ವಾದ ಇಷ್ಟೇ: ಆ ಅಂಕಿಗಳು ನಿಜ, ಅವುಗಳಿಂದ ತೆಗೆದ ತೀರ್ಮಾನ ತಪ್ಪು. ಹ್ಯಾಸ್ಲೆಮ್‌ಗೆ ಕೊಟ್ಟದ್ದು ದಾನವಲ್ಲ, ಮಾಡಿದ ಕೆಲಸಕ್ಕೆ ಕೂಲಿ. ಆ ಕೆಲಸ ಸ್ಕೋರ್ ಪಟ್ಟಿಯಲ್ಲಿ ಕಾಣುವುದಿಲ್ಲ ಅನ್ನುವುದು ಪಟ್ಟಿಯ ದೋಷ, ಕೆಲಸಗಾರನ ದೋಷವಲ್ಲ.

ಮೊದಲು ಆಟದ ಲೆಕ್ಕ

ಬಾಸ್ಕೆಟ್‌ಬಾಲ್ ಹೆಚ್ಚು ನೋಡದವರಿಗೆ ಎರಡು ಮಾತು. ಅಂಗಳದಲ್ಲಿ ಒಂದು ತಂಡದ 5 ಜನ ಆಡುತ್ತಾರೆ. ಅಮೆರಿಕದ ಎನ್‌ಬಿಎ ಲೀಗ್‌ನಲ್ಲಿ ತಂಡಕ್ಕೆ ಪೂರ್ಣ ಕರಾರಿನ 15 ಜನರನ್ನು ಇಟ್ಟುಕೊಳ್ಳಬಹುದು. ಒಂದು ಸೀಸನ್‌ಗೆ ಸಾಮಾನ್ಯವಾಗಿ 82 ಪಂದ್ಯ. ಆಮೇಲೆ ಪ್ಲೇಆಫ್, ಕೊನೆಗೆ ಫೈನಲ್ಸ್.

15 ಜನರಲ್ಲಿ ಇಬ್ಬರು ಮೂವರು ಸ್ಟಾರ್‌ಗಳು. ಚೆಂಡು ಅವರ ಕೈಯಲ್ಲೇ ಹೆಚ್ಚು ಹೊತ್ತು ಇರುತ್ತದೆ, ನಾವು ನೋಡುವ ರೀಲ್ಸ್‌ನಲ್ಲೂ ಅವರೇ. ಉಳಿದವರಿಗೆ ಇಂಗ್ಲಿಷ್‌ನಲ್ಲಿ ರೋಲ್ ಪ್ಲೇಯರ್ ಅಂತಾರೆ. ಇಂಥ ಕೆಲಸ ನಿನ್ನದು, ಅದನ್ನು ಮಾಡು ಅಂತ ಒಪ್ಪಿಸಿಕೊಂಡವರು. ಒಬ್ಬ ಎದುರಾಳಿಯ ದಾರಿಗೆ ಅಡ್ಡ ನಿಂತು ತನ್ನ ಸ್ಟಾರ್‌ಗೆ ಜಾಗ ಮಾಡಿಕೊಡುತ್ತಾನೆ. ಇನ್ನೊಬ್ಬ ಗುರಿ ತಪ್ಪಿ ಬಂದ ಚೆಂಡನ್ನು ಹಿಡಿಯುತ್ತಾನೆ, ಅದು ರೀಬೌಂಡ್. ಮತ್ತೊಬ್ಬ ನುಗ್ಗಿ ಬರುವವನಿಗೆ ಎದೆ ಕೊಟ್ಟು ಬೀಳುತ್ತಾನೆ.

ಕಬಡ್ಡಿ ಗೊತ್ತಿದ್ದರೆ ಇದು ಗೊತ್ತು. ರೈಡರ್‌ನ ಹೆಸರು ಎಲ್ಲರ ಬಾಯಲ್ಲಿ. ಕಾರ್ನರ್‌ನಲ್ಲಿ ನಿಂತವನು ಪಕ್ಕದವನ ಕೈ ಬಿಟ್ಟರೆ ಏನಾಗುತ್ತದೆ ಅನ್ನುವುದು ಆಡಿದವನಿಗೆ ಮಾತ್ರ ಗೊತ್ತು.

ಈ ಹ್ಯಾಸ್ಲೆಮ್ ಯಾರು

ಹುಟ್ಟಿದ್ದು 1980ರಲ್ಲಿ, ಮಯಾಮಿಯಲ್ಲೇ. ಫ್ಲಾರಿಡಾ ವಿಶ್ವವಿದ್ಯಾಲಯಕ್ಕೆ ಆಡಿದರು. 2002ರಲ್ಲಿ ಎನ್‌ಬಿಎ ತಂಡಗಳು ಹೊಸಬರನ್ನು ಆರಿಸುವ ಡ್ರಾಫ್ಟ್‌ನಲ್ಲಿ ಅವರ ಹೆಸರನ್ನು ಯಾರೂ ಕೂಗಲಿಲ್ಲ. ಆರಿಸಿಕೊಳ್ಳದವರಿಗೆ ಉಳಿಯುವ ದಾರಿ ಹೊರದೇಶ. ಫ್ರಾನ್ಸ್‌ಗೆ ಹೋಗಿ ಶಾಲೋನ್ ಕ್ಲಬ್‌ಗೆ ಒಂದು ಸೀಸನ್ ಆಡಿದರು, ಮೈತೂಕ ಇಳಿಸಿಕೊಂಡರು. 2003ರಲ್ಲಿ ತಮ್ಮೂರಿನ ತಂಡ ಮಯಾಮಿ ಹೀಟ್ ಸೇರಿದರು. ಅಲ್ಲಿಂದ 20 ಸೀಸನ್ ಒಂದೇ ತಂಡ. ಅಷ್ಟು ವರ್ಷ ಒಂದೇ ತಂಡಕ್ಕೆ ಆಡಿದವರು ಅವರಿಗಿಂತ ಮೊದಲು ಇಬ್ಬರೇ: ಕೋಬಿ ಬ್ರಯಂಟ್ ಮತ್ತು ಡರ್ಕ್ ನೊವಿಟ್ಸ್ಕಿ. ಆ ಇಬ್ಬರೂ ಮಹಾ ಸ್ಟಾರ್‌ಗಳು. ಹ್ಯಾಸ್ಲೆಮ್ ಅವರ ಸರಾಸರಿ ಪಂದ್ಯಕ್ಕೆ 7.5 ಪಾಯಿಂಟ್, 6.6 ರೀಬೌಂಡ್.

ಕೂತು ತಿಂದವರು ಅನ್ನುವವರು ಮೊದಲ 13 ವರ್ಷವನ್ನು ಮರೆಯುತ್ತಾರೆ. 2006ರ ಫೈನಲ್ಸ್‌ನಲ್ಲಿ ಮಯಾಮಿ ಮೊದಲ ಎರಡು ಪಂದ್ಯ ಸೋತಿತ್ತು. ಆಮೇಲೆ ಸತತ ನಾಲ್ಕು ಗೆದ್ದು ಕಪ್ ಎತ್ತಿತು. ಡಲ್ಲಾಸ್ ತಂಡದ ನೊವಿಟ್ಸ್ಕಿಯನ್ನು ತಡೆಯುವ ಕೆಲಸದಲ್ಲಿ ದೊಡ್ಡ ಪಾಲು ಹ್ಯಾಸ್ಲೆಮ್ ಅವರದು. ಕಪ್ ನಿರ್ಧಾರವಾದ 6ನೇ ಪಂದ್ಯದಲ್ಲಿ 17 ಪಾಯಿಂಟ್, 10 ರೀಬೌಂಡ್. ಆ ರಾತ್ರಿಯ ನೆನಪಿನಲ್ಲಿ ಎಲ್ಲರಿಗೂ ಉಳಿದದ್ದು ಡ್ವೇನ್ ವೇಡ್ ಮಾತ್ರ.

2010ರಲ್ಲಿ ಲೆಬ್ರಾನ್ ಜೇಮ್ಸ್, ಕ್ರಿಸ್ ಬಾಶ್ ಮಯಾಮಿಗೆ ಬಂದರು. ಆಗಿನ ವರದಿಗಳ ಪ್ರಕಾರ ಡೆನ್ವರ್ ಮತ್ತು ಡಲ್ಲಾಸ್ ಹ್ಯಾಸ್ಲೆಮ್‌ಗೆ 5 ವರ್ಷಕ್ಕೆ ಸುಮಾರು 3 ಕೋಟಿ 40 ಲಕ್ಷ ಡಾಲರ್ ಕೊಡಲು ಸಿದ್ಧವಿದ್ದವು. ಅವರು ಸುಮಾರು 2 ಕೋಟಿ ಡಾಲರ್‌ಗೆ ಮಯಾಮಿಯಲ್ಲೇ ಉಳಿದರು. ಇನ್ನೊಂದು ಕಡೆ ಆ ಮೂವರು ಸ್ಟಾರ್‌ಗಳೂ ತಮ್ಮ ಸಂಬಳದಲ್ಲಿ ಸ್ವಲ್ಪ ಬಿಟ್ಟುಕೊಟ್ಟರು, ಹ್ಯಾಸ್ಲೆಮ್‌ನಂಥವರಿಗೆ ಜಾಗ ಆಗಲಿ ಅಂತ. ಪಾಯಿಂಟ್ ಹೊಡೆಯುವವರಿಗೇ ಇವರ ಬೆಲೆ ಗೊತ್ತಿತ್ತು. ಗೊತ್ತಿಲ್ಲದ್ದು ಹೊರಗೆ ಕೂತು ಪಾಯಿಂಟ್ ಎಣಿಸುವವರಿಗೆ. 2012, 2013ರಲ್ಲಿ ಮತ್ತೆರಡು ಕಪ್ ಬಂದವು. 2012ರ ನವೆಂಬರ್‌ನಲ್ಲಿ ಹ್ಯಾಸ್ಲೆಮ್ ಮಯಾಮಿ ತಂಡದ ಇತಿಹಾಸದಲ್ಲೇ ಅತಿ ಹೆಚ್ಚು ರೀಬೌಂಡ್ ಹಿಡಿದವರಾದರು. ಡ್ರಾಫ್ಟ್‌ನಲ್ಲಿ ಯಾರಿಗೂ ಬೇಡವಾಗಿದ್ದ ಆಟಗಾರನೊಬ್ಬ ಒಂದು ತಂಡದ ಈ ಪಟ್ಟಿಯ ತುದಿಗೆ ಬಂದದ್ದು ಎನ್‌ಬಿಎಯಲ್ಲಿ ಅದೇ ಮೊದಲು.

ಎದುರಾಳಿಗಳ ವಾದ, ಅವರ ಬಾಯಿಂದಲೇ

ಸರಿ, ಹಳೆಯದೆಲ್ಲ ಒಪ್ಪಿದೆವು, ಕೊನೆಯ 7 ವರ್ಷದ ಮಾತೇನು ಅಂತ ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಹಳೆಯ ಉಪಕಾರಕ್ಕೆ ಹೊಸ ಸಂಬಳ ಕೊಡಬೇಕಿಲ್ಲ, ಸನ್ಮಾನ ಮಾಡಿದರೆ ಸಾಕು. ಅವರ ವಾದದಲ್ಲಿ ಮೂರು ಎಳೆ ಇವೆ.

ಒಂದು, ದುಡ್ಡು. ಎರಡು, ಬುದ್ಧಿ ಹೇಳುವುದೇ ಕೆಲಸವಾದರೆ ಅವರನ್ನು ಕೋಚ್ ಮಾಡಬೇಕಿತ್ತು, ಆಟಗಾರನ ಜಾಗ ಯಾಕೆ. ಮೂರನೆಯದು ಎಲ್ಲಕ್ಕಿಂತ ಚುರುಕಾದದ್ದು: 15ನೇ ಕುರ್ಚಿಯಲ್ಲಿ ಹ್ಯಾಸ್ಲೆಮ್ ಕೂತರೆ ಯಾರಿಗೂ ಬೇಡವಾದ ಇನ್ನೊಬ್ಬ ಹುಡುಗನಿಗೆ ಆ ಕುರ್ಚಿ ತಪ್ಪಿತು. ಅಂದರೆ 2003ರ ಹ್ಯಾಸ್ಲೆಮ್‌ಗೆ 2020ರ ಹ್ಯಾಸ್ಲೆಮ್ಮೇ ಅಡ್ಡ.

ಒಂದೊಂದಾಗಿ ನೋಡೋಣ.

ದುಡ್ಡು

ಕೊನೆಯ ಸೀಸನ್‌ನಲ್ಲಿ, ಅಂದರೆ 2022-23ರಲ್ಲಿ, ಅವರ ಸಂಬಳ ಸುಮಾರು 29 ಲಕ್ಷ ಡಾಲರ್. ನಮ್ಮ ಲೆಕ್ಕದಲ್ಲಿ 20 ಕೋಟಿ ರೂಪಾಯಿಗೂ ಮೇಲೆ. ಕೇಳಿದರೆ ತಲೆ ತಿರುಗುತ್ತದೆ. ಆದರೆ ಆ ಲೀಗ್‌ನಲ್ಲಿ 10 ವರ್ಷ ದಾಟಿದ ಆಟಗಾರನಿಗೆ ಅದಕ್ಕಿಂತ ಕಡಿಮೆ ಕೊಡುವಂತೆಯೇ ಇಲ್ಲ, ಅದು ಕನಿಷ್ಠ ಕೂಲಿ. ಅದೇ ವರ್ಷ ಅದೇ ತಂಡದ ಸ್ಟಾರ್ ಜಿಮ್ಮಿ ಬಟ್ಲರ್ ಸಂಬಳ 3 ಕೋಟಿ 76 ಲಕ್ಷ ಡಾಲರ್. ತಂಡಗಳ ಸಂಬಳಕ್ಕೆ ಲೀಗ್ ಹಾಕಿದ ಮಿತಿ ಸುಮಾರು 12 ಕೋಟಿ 36 ಲಕ್ಷ ಡಾಲರ್.

ಇನ್ನೂ ಒಂದು ನಿಯಮ ಇದೆ, ಟೀಕೆ ಮಾಡುವವರು ಇದನ್ನು ಹೇಳುವುದೇ ಇಲ್ಲ. ಹಳಬನ ಜೊತೆ ಒಂದು ವರ್ಷದ ಕನಿಷ್ಠ ಸಂಬಳದ ಕರಾರು ಮಾಡಿಕೊಂಡರೆ, 2 ವರ್ಷ ಅನುಭವದ ಹುಡುಗನಿಗೆ ಎಷ್ಟೋ ಅಷ್ಟನ್ನು ಮಾತ್ರ ತಂಡ ಕೊಡಬೇಕು. ಉಳಿದದ್ದನ್ನು ಲೀಗ್ ಭರಿಸುತ್ತದೆ. ಹಳಬರು ದುಬಾರಿ ಅಂತ ತಂಡಗಳು ಅವರನ್ನು ಕೈಬಿಡಬಾರದು ಎಂದೇ ಈ ನಿಯಮ ಮಾಡಿದ್ದು. ಆದ್ದರಿಂದ ಹ್ಯಾಸ್ಲೆಮ್‌ನಿಂದ ಮಯಾಮಿ ದಿವಾಳಿ ಎದ್ದಿತು ಅನ್ನುವವರು ರಸೀದಿ ಓದದೆ ಬಿಲ್ ಜಗಳ ತೆಗೆದವರು.

ಕೋಚ್ ಯಾಕಲ್ಲ

ಕೋಚ್ ಬೈದರೆ ಅದು ಯಜಮಾನನ ಬೈಗುಳ. ಪಕ್ಕದಲ್ಲಿ ಅದೇ ಬೆವರು ಸುರಿಸಿದವನು ಬೈದರೆ ಅದು ಅಣ್ಣನ ಬೈಗುಳ. ಎರಡಕ್ಕೂ ಬಹಳ ವ್ಯತ್ಯಾಸ ಇದೆ. ಎನ್‌ಬಿಎಯಲ್ಲಿ ಈ ವ್ಯತ್ಯಾಸ ಇನ್ನೂ ಹೆಚ್ಚು, ಯಾಕೆಂದರೆ ಅಲ್ಲಿ ಸ್ಟಾರ್ ಮುನಿಸಿಕೊಂಡರೆ ಕೆಲಸ ಕಳೆದುಕೊಳ್ಳುವವರು ಕೋಚ್. ಹೊಸ ಹುಡುಗರಂತೂ ಸ್ಟಾರ್ ಎದುರು ಬಾಯಿ ಬಿಡುವುದಿಲ್ಲ. ಚೆಂಡು ಅವರಿಗೆ ಸಿಗಬೇಕಾದದ್ದೇ ಆ ಸ್ಟಾರ್ ಕೈಯಿಂದ. ಸಮವಯಸ್ಕರು ಹೇಳಿದರೆ, ನನ್ನ ಜಾಗದ ಮೇಲೆ ಕಣ್ಣು ಅಂತ ಅನುಮಾನ ಹುಟ್ಟುತ್ತದೆ.

ಹಾಗಾದರೆ ತಪ್ಪು ಮಾಡಿದ ಸ್ಟಾರ್‌ಗೆ ತಪ್ಪು ಅಂತ ಹೇಳುವವರು ಯಾರು? ಮೂರು ಕಪ್ ಗೆದ್ದವನು. ಅದೇ ಅಭ್ಯಾಸ ಮಾಡುವವನು. ಆಟದ ನಿಮಿಷಗಳಿಗೆ ಪೈಪೋಟಿ ಮಾಡದವನು. ಕಳೆದುಕೊಳ್ಳಲು ಏನೂ ಇಲ್ಲದವನು. 15 ಜನರಲ್ಲಿ ಇಂಥವರು ಒಬ್ಬರು ಸಿಕ್ಕರೆ ಆ ತಂಡದ ಪುಣ್ಯ.

2022ರ ಮಾರ್ಚ್ 23ರ ಪಂದ್ಯ ನೋಡಿ. ಎದುರಾಳಿ ಗೋಲ್ಡನ್ ಸ್ಟೇಟ್ ತಂಡದ ದೊಡ್ಡ ಆಟಗಾರರು ಕಣದಲ್ಲೇ ಇರಲಿಲ್ಲ. ಆದರೂ ಮಯಾಮಿ ಸೋಲುತ್ತಿತ್ತು. ಟೈಮ್‌ಔಟ್‌ನಲ್ಲಿ ಬಟ್ಲರ್ ಮತ್ತು ಕೋಚ್ ಎರಿಕ್ ಸ್ಪೋಲ್‌ಸ್ಟ್ರಾ ನಡುವೆ ಮಾತಿಗೆ ಮಾತು ಬೆಳೆಯಿತು. ಟಿವಿ ಕ್ಯಾಮೆರಾ ಎದುರೇ ಎದ್ದು ನಿಂತು ಬಟ್ಲರ್‌ಗೆ ಎದುರುತ್ತರ ಕೊಟ್ಟವರು ಆ ವರ್ಷ ಒಟ್ಟು 13 ಪಂದ್ಯ ಆಡಿದ ಹ್ಯಾಸ್ಲೆಮ್. 3 ಕೋಟಿ ಡಾಲರ್ ಮೇಲೆ ಎಣಿಸುವವನಿಗೆ ಕನಿಷ್ಠ ಕೂಲಿಯವನು ಗದರಿದ್ದು!

ಆಮೇಲೆ ಏನಾಯಿತು? ಮುಂದಿನ ಎರಡು ಪಂದ್ಯವನ್ನೂ ಮಯಾಮಿ ಸೋತಿತು. ಅದಾದ ಮೇಲೆ ಸತತ 6 ಗೆದ್ದು, 53-29ರ ಲೆಕ್ಕದಲ್ಲಿ ತನ್ನ ವಿಭಾಗದಲ್ಲಿ ಮೊದಲ ಸ್ಥಾನ ಪಡೆಯಿತು. ಹ್ಯಾಸ್ಲೆಮ್ ಗದರಿದ್ದರಿಂದಲೇ ಗೆದ್ದರು ಅಂತ ನಾನು ಹೇಳುವುದಿಲ್ಲ. ಹಾಗೆ ಹೇಳುವವರನ್ನು ನಂಬಬೇಡಿ. ನಾನು ಹೇಳುವುದು ಇಷ್ಟು: ಸ್ಟಾರ್ ಮತ್ತು ಕೋಚ್ ಬೀದಿಗೆ ಬಿದ್ದ ಆ ಗಳಿಗೆಯಲ್ಲಿ ನಡುವೆ ನಿಲ್ಲುವ ಅಧಿಕಾರ ಇದ್ದವನು ಬೆಂಚಿನ ಮೇಲೆ ಇದ್ದ. ಆ ಜಗಳ ಮಯಾಮಿಯಲ್ಲಿ ಒಂದು ರಾತ್ರಿಗೆ ಮುಗಿಯಿತು.

ಹೊಸ ಹುಡುಗನ ಕುರ್ಚಿ

ಈಗ ಚುರುಕಾದ ವಾದಕ್ಕೆ ಬರೋಣ. 2023ರಲ್ಲಿ ಮಯಾಮಿ ತನ್ನ ವಿಭಾಗದಲ್ಲಿ 8ನೇ ಸ್ಥಾನದಿಂದ, ಅಂದರೆ ಪ್ಲೇಆಫ್‌ನ ಕಟ್ಟಕಡೆಯ ಬಾಗಿಲಿನಿಂದ ಒಳಗೆ ಬಂದು ಫೈನಲ್ಸ್ ತನಕ ಹೋಯಿತು. ಆ ತಂಡದಲ್ಲಿ ಗೇಬ್ ವಿನ್ಸೆಂಟ್, ಮ್ಯಾಕ್ಸ್ ಸ್ಟ್ರೂಸ್, ಕೇಲೆಬ್ ಮಾರ್ಟಿನ್, ಡಂಕನ್ ರಾಬಿನ್ಸನ್ ಎಂಬ ನಾಲ್ವರು ಇದ್ದರು. ನಾಲ್ವರೂ ಡ್ರಾಫ್ಟ್‌ನಲ್ಲಿ ಯಾರಿಗೂ ಬೇಡವಾದವರು. ನಾಲ್ವರೂ ಮಯಾಮಿಗೆ ಬಂದದ್ದು ಟೂ-ವೇ ಎಂಬ ಸಣ್ಣ ಕರಾರಿನಲ್ಲಿ. ಅದು 15 ಕುರ್ಚಿಗಳ ಹೊರಗಿನದು, ಹೊಸಬರನ್ನು ಪರೀಕ್ಷಿಸಲೆಂದೇ ಇರುವುದು. ಬಾಸ್ಟನ್ ವಿರುದ್ಧದ ಸರಣಿಯಲ್ಲಿ ಶ್ರೇಷ್ಠ ಆಟಗಾರ ಪ್ರಶಸ್ತಿಗೆ ಬಟ್ಲರ್‌ಗೆ 5 ಮತ, ಮಾರ್ಟಿನ್‌ಗೆ 4. ಒಂದೇ ಮತದ ಅಂತರ.

ಇವರೆಲ್ಲ ಬಂದದ್ದು ಯಾವ ವರ್ಷಗಳಲ್ಲಿ? 2018ರಿಂದ 2021ರ ನಡುವೆ. ಹ್ಯಾಸ್ಲೆಮ್ ಹೊಸ ಹುಡುಗರ ಕುರ್ಚಿ ಕಿತ್ತುಕೊಂಡರು ಅಂತ ದೂರುವ ಅದೇ ವರ್ಷಗಳಲ್ಲಿ. ಬೇರೆ ತಂಡಗಳಿಗೂ ಅದೇ 15 ಕುರ್ಚಿ ಇದ್ದವು, 15ನೆಯದರಲ್ಲಿ ಹುಡುಗರನ್ನೇ ಕೂರಿಸಿದವರು ಎಷ್ಟೋ ಜನ. ಯಾರಿಗೂ ಬೇಡವಾದ ನಾಲ್ವರನ್ನು ಫೈನಲ್ಸ್‌ಗೆ ಮುಟ್ಟಿಸಿದ್ದು ಹ್ಯಾಸ್ಲೆಮ್ ಕೂತಿದ್ದ ತಂಡ. ಕುರ್ಚಿ ಕೊಟ್ಟ ಮಾತ್ರಕ್ಕೆ ಹುಡುಗ ಬೆಳೆಯುವುದಿಲ್ಲ. ನಿನ್ನ ಹಾಗೆಯೇ ನನ್ನನ್ನೂ ಯಾರೂ ಕರೆಯಲಿಲ್ಲ, ನೋಡು ಹೇಗೆ ಉಳಿದೆ ಅಂತ ತೋರಿಸುವವನು ಪಕ್ಕದಲ್ಲಿ ಬೇಕು.

ಅಂಕಿ ಬೇಡ ಅನ್ನುತ್ತಿಲ್ಲ

ನಾನು ಅಂಕಿಗಳ ವಿರೋಧಿ ಅಲ್ಲ. ಅರ್ಧ ಎಣಿಸಿ ಪೂರ್ತಿ ತೀರ್ಪು ಕೊಡುವವರ ವಿರೋಧಿ. ಸರಿಯಾಗಿ ಎಣಿಸಿದರೆ ಅಂಕಿಯೇ ರೋಲ್ ಪ್ಲೇಯರ್‌ನ ಪರ ಸಾಕ್ಷಿ ಹೇಳುತ್ತದೆ. ಶೇನ್ ಬ್ಯಾಟಿಯೇ ಅದಕ್ಕೆ ಉದಾಹರಣೆ. 2009ರಲ್ಲಿ ಲೇಖಕ ಮೈಕೆಲ್ ಲೂಯಿಸ್ ಅವರ ಬಗ್ಗೆ ನ್ಯೂಯಾರ್ಕ್ ಟೈಮ್ಸ್ ಮ್ಯಾಗಜಿನ್‌ನಲ್ಲಿ ದೊಡ್ಡ ಲೇಖನ ಬರೆದರು. ಬ್ಯಾಟಿಯೇ ಆಗ ಹ್ಯೂಸ್ಟನ್ ತಂಡದಲ್ಲಿದ್ದರು. ಪಾಯಿಂಟ್ ಕಡಿಮೆ, ರೀಬೌಂಡ್ ಕಡಿಮೆ, ನೋಡಲು ಸಾಧಾರಣ. ಆದರೆ ಅವರು ಅಂಗಳದಲ್ಲಿ ಇದ್ದಷ್ಟು ಹೊತ್ತು ತಂಡ ಎದುರಾಳಿಗಿಂತ ಮುಂದೆ ಹೋಗುತ್ತಿತ್ತು. ಈ ಲೆಕ್ಕಕ್ಕೆ ಪ್ಲಸ್-ಮೈನಸ್ ಅಂತ ಹೆಸರು: ಆಟಗಾರ ಒಳಗಿರುವಾಗ ತಂಡ ಎಷ್ಟು ಗಳಿಸಿತು, ಎಷ್ಟು ಬಿಟ್ಟುಕೊಟ್ಟಿತು. ಕೋಬಿ ಬ್ರಯಂಟ್ ಯಾವ ಜಾಗದಿಂದ ಎಸೆದರೆ ಹೆಚ್ಚು ತಪ್ಪುತ್ತಾರೆ ಅಂತ ಬ್ಯಾಟಿಯೇ ಮೊದಲೇ ಓದಿಕೊಂಡು ಬರುತ್ತಿದ್ದರು. ಅವರನ್ನು ಅಲ್ಲಿಗೇ ದೂಡುತ್ತಿದ್ದರು, ಎಸೆಯುವಾಗ ಕಣ್ಣೆದುರು ಕೈ ಅಡ್ಡ ಹಿಡಿಯುತ್ತಿದ್ದರು. ಕೋಬಿ ಗುರಿ ತಪ್ಪಿದರೆ ಪಟ್ಟಿಯಲ್ಲಿ ಕೋಬಿ ತಪ್ಪಿದರು ಅಂತ ಬರೆಯುತ್ತಾರೆ. ತಪ್ಪಿಸಿದವನ ಹೆಸರು ಎಲ್ಲೂ ಇಲ್ಲ.

ಇದೇ ಬ್ಯಾಟಿಯೇ ಆಮೇಲೆ ಮಯಾಮಿಗೆ ಬಂದು ಹ್ಯಾಸ್ಲೆಮ್ ಜೊತೆ ಎರಡು ಕಪ್ ಗೆದ್ದರು. 2013ರ ಪ್ಲೇಆಫ್‌ನಲ್ಲಿ ಅವರ ಗುರಿ ಕೆಟ್ಟು, ಕೋಚ್ ಅವರನ್ನು ಬೆಂಚಿಗೆ ಇಳಿಸಿದ್ದರು. ವಯಸ್ಸಾಯಿತು, ಮುಗಿಯಿತು ಅನ್ನುವ ಮಾತು ಎದ್ದಿತು. ಸ್ಯಾನ್ ಆಂಟೋನಿಯೊ ವಿರುದ್ಧ ಫೈನಲ್ಸ್‌ನ 7ನೇ ಪಂದ್ಯ, ಸೋತರೆ ಕಪ್ ಇಲ್ಲ. ಅವತ್ತು ಬ್ಯಾಟಿಯೇ ದೂರದಿಂದ ಎಸೆದ 8ರಲ್ಲಿ 6 ಬುಟ್ಟಿಗೆ ಹಾಕಿದರು. 18 ಪಾಯಿಂಟ್. ಮಯಾಮಿ ಗೆದ್ದದ್ದು 95-88ರಲ್ಲಿ, ಅಂದರೆ 7 ಪಾಯಿಂಟ್ ಅಂತರದಲ್ಲಿ.

ಭಜನೆ ಮಾಡುವವರಿಗೂ ಒಂದು ಮಾತು

ಈ ಜಗಳದಲ್ಲಿ ಇನ್ನೊಂದು ಗುಂಪು ಇದೆ. ಹಳಬರನ್ನು ಅಟ್ಟಕ್ಕೇರಿಸುವವರು. ಹ್ಯಾಸ್ಲೆಮ್ ಏನು ಮಾಡಿದರು ಅಂತ ಕೇಳಿದರೆ ಹೃದಯ, ನಿಷ್ಠೆ, ತಂಡದ ಸಂಸ್ಕೃತಿ ಅಂತ ಮಂತ್ರ ಹೇಳುತ್ತಾರೆ. ಲೆಕ್ಕ ಕೇಳಿದವರನ್ನು ಕೃತಘ್ನರು ಅಂತ ಬೈಯುತ್ತಾರೆ. ಇವರಿಂದ ಹಳಬರಿಗೆ ಆಗುವ ನಷ್ಟ ದೊಡ್ಡದು. ಮಾಡಿದ ಕೆಲಸವನ್ನು ಬಿಡಿಸಿ ಹೇಳದಿದ್ದರೆ ಅದು ನಿಜವಾಗಿಯೂ ದಾನದ ಹಾಗೆ ಕಾಣುತ್ತದೆ.

ಬೆಂಚಿನ ಮೇಲೆ ಕೂತ ಪ್ರತಿ ಹಳಬನೂ ಹ್ಯಾಸ್ಲೆಮ್ ಅಲ್ಲ. ಪರೀಕ್ಷೆ ಮಾಡಲು ಮೂರು ಪ್ರಶ್ನೆ ಸಾಕು. ಅವನು ಕಿರಿಯನ ನಿಮಿಷಕ್ಕೆ ಪೈಪೋಟಿ ಮಾಡುತ್ತಾನೋ, ದಾರಿ ಬಿಡುತ್ತಾನೋ? ಸ್ಟಾರ್ ತಪ್ಪಿದಾಗ ಮುಖ ನೋಡಿ ಹೇಳುತ್ತಾನೋ, ಇಲ್ಲ ಚಪ್ಪಾಳೆ ತಟ್ಟುತ್ತಾನೋ? ಕರೆದ ದಿನ ಆಡಲು ಮೈ ಸಿದ್ಧ ಇದೆಯೋ? ಮೂರಕ್ಕೂ ಉತ್ತರ ಸರಿ ಇದ್ದರೆ ಅವನು 15ನೇ ಕುರ್ಚಿಯಲ್ಲಿ ಇರಲಿ. ಇಲ್ಲದಿದ್ದರೆ ಹಾರ ಹಾಕಿ ಕಳಿಸಿಕೊಡಿ, ಕಣ್ಣೀರು ಬೇಡ.

ನನಗೆ ಯಾಕೆ ಉರಿ

ಅಮೆರಿಕದ ಆಟ, ಅಮೆರಿಕದ ಡಾಲರ್, ನಿನಗೇನಪ್ಪಾ ಅಂತ ಕೇಳಬಹುದು. ಹೇಳುತ್ತೇನೆ. ನಾನು ಜಿಲ್ಲಾ ಸ್ಟ್ರಿಂಗರ್. ನಮ್ಮಲ್ಲಿ ಅನೇಕರಿಗೆ ತಿಂಗಳ ಸಂಬಳ ಇಲ್ಲ, ಅಚ್ಚಾದ ಸುದ್ದಿಗೆ ಇಷ್ಟು ಅಂತ ಲೆಕ್ಕ. ಒಂದು ಊರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಅಂತ ವಾಟ್ಸಾಪ್ ಸುದ್ದಿ ಹಬ್ಬುತ್ತದೆ. ಬೈಕ್ ಹತ್ತಿ ಹೋಗಿ, ನಾಲ್ಕು ಮನೆ ಕೇಳಿ, ಠಾಣೆಯಲ್ಲಿ ವಿಚಾರಿಸಿ, ಸುಳ್ಳು ಅಂತ ಖಾತ್ರಿ ಮಾಡಿ ಡೆಸ್ಕ್‌ಗೆ ಫೋನ್ ಮಾಡುತ್ತೇವೆ. ಸುದ್ದಿ ಅಚ್ಚಾಗುವುದಿಲ್ಲ. ಆ ದಿನ ನಮ್ಮ ಖಾತೆಯಲ್ಲಿ 0. ಪೆಟ್ರೋಲ್ ನಮ್ಮದೇ. ಸುಳ್ಳು ಅಚ್ಚಾಗದೆ ಉಳಿದದ್ದಕ್ಕೆ ಯಾವ ಪಟ್ಟಿಯಲ್ಲೂ ಕಾಲಂ ಇಲ್ಲ. ಕೋಬಿ ತಪ್ಪಿದರು ಅಂತ ಬರೆಯುತ್ತಾರೆ, ಯಾರು ತಪ್ಪಿಸಿದರು ಅಂತ ಬರೆಯುವುದಿಲ್ಲ.

ಆಟ ನೋಡುತ್ತಾ ಕಲಿತ ಮಾತು ಆಟದಲ್ಲೇ ಉಳಿಯುವುದಿಲ್ಲ. ಪಾಯಿಂಟ್ ಇಲ್ಲದವನು ದಂಡ ಅಂತ ದಿನಾ ಹೇಳಿ ಅಭ್ಯಾಸವಾದ ಬಾಯಿ ನಾಳೆ ಅಂಗನವಾಡಿಯ ಅಕ್ಕನ ಬಗ್ಗೆಯೂ, ಊರಿನ ನೀರುಗಂಟಿಯ ಬಗ್ಗೆಯೂ ಅದನ್ನೇ ಹೇಳುತ್ತದೆ. ಇವರಿಗೆಲ್ಲ ಯಾಕೆ ಸಂಬಳ, ಏನು ಮಾಡುತ್ತಾರೆ ಅಂತ. ಅವರು ಕೆಲಸ ನಿಲ್ಲಿಸಿದ ದಿನವೇ ಅವರು ಏನು ಮಾಡುತ್ತಿದ್ದರು ಅಂತ ತಿಳಿಯುವುದು.

ಕೊನೆಯ 24 ಪಾಯಿಂಟ್

2023ರ ಏಪ್ರಿಲ್ 9ರಂದು ಆರ್ಲ್ಯಾಂಡೊ ವಿರುದ್ಧ ಹ್ಯಾಸ್ಲೆಮ್ ತಮ್ಮ ಕೊನೆಯ ಲೀಗ್ ಪಂದ್ಯ ಆಡಿದರು. ವಯಸ್ಸು 42. ಹೊಡೆದದ್ದು 24 ಪಾಯಿಂಟ್. ಭಕ್ತರು ಇದನ್ನು ಇವತ್ತಿಗೂ ತೋರಿಸುತ್ತಾರೆ: ನೋಡಿ, ಆಡಲು ಬಿಟ್ಟಿದ್ದರೆ ಆಡುತ್ತಿದ್ದರು. ಟೀಕಾಕಾರರು ನಗುತ್ತಾರೆ: ಲೆಕ್ಕಕ್ಕಿಲ್ಲದ ಪಂದ್ಯ, ಏನು ಮಹಾ.

ಇಲ್ಲಿ ನಾನು ಟೀಕಾಕಾರರ ಕಡೆ. ಆ 24 ಪಾಯಿಂಟನ್ನು ಪಕ್ಕಕ್ಕಿಡಿ, ಅದು ಬೀಳ್ಕೊಡುಗೆಯ ಸಿಹಿ ಊಟ. ಹ್ಯಾಸ್ಲೆಮ್ ಪರವಾಗಿ ಪಾಯಿಂಟ್ ತೋರಿಸಿದರೆ ಪಾಯಿಂಟೇ ಬೆಲೆ ಅಂತ ನಾವೇ ಒಪ್ಪಿದ ಹಾಗಾಯಿತು. ನನಗೆ ಬೇಕಾದ ಸಾಕ್ಷಿ ಆಮೇಲಿನದು. ನಿವೃತ್ತಿಯಾದ ಮೇಲೆ ತಂಡ ಅವರಿಗೆ ಆಟಗಾರರ ಬೆಳವಣಿಗೆ ನೋಡಿಕೊಳ್ಳುವ ಉಪಾಧ್ಯಕ್ಷ ಹುದ್ದೆ ಕೊಟ್ಟಿತು. 2024ರ ಜನವರಿ 19ರಂದು ಅವರ 40ನೇ ನಂಬರಿನ ಜೆರ್ಸಿಯನ್ನು ಕ್ರೀಡಾಂಗಣದ ಸೂರಿಗೆ ಏರಿಸಿತು. ಇನ್ನು ಮಯಾಮಿಯಲ್ಲಿ ಆ ನಂಬರ್ ಬೇರೆಯವರಿಗಿಲ್ಲ.

ಮುಂದಿನ ಸಲ ಫೋನ್‌ನಲ್ಲಿ ಪಂದ್ಯ ನೋಡುವಾಗ ಒಂದು ಐದು ನಿಮಿಷ ಚೆಂಡು ಬಿಟ್ಟು ಉಳಿದ ನಾಲ್ವರನ್ನು ನೋಡಿ. ಯಾರು ಅಡ್ಡ ನಿಂತರು, ಯಾರು ಕೂಗಿ ಎಚ್ಚರಿಸಿದರು, ಟೈಮ್‌ಔಟ್ ಆದಾಗ ಬೆಂಚಿನಿಂದ ಮೊದಲು ಎದ್ದವರು ಯಾರು. ನೋಡಿದ ಮೇಲೆ ಸಂಬಳದ ಮಾತಾಡೋಣ.